ಪುಲಿಕಾಟ್ ದಡದಲ್ಲಿ ನೆರವಾದ ಹಿರಿಯರಿಗೆ

2024ರ ಡಿಸೆಂಬರ್ 30ರ ರಾತ್ರಿ, ಶ್ರೀಹರಿಕೋಟದಿಂದ ಪಿಎಸ್‌ಎಲ್‌ವಿ-ಸಿ60 ರಾಕೆಟ್ ಏರುವುದನ್ನು ನೋಡಲು ಪುಲಿಕಾಟ್ ಸರೋವರದ ಬದಿಯಲ್ಲಿ ನಿಂತಿದ್ದ ನನಗೆ ನೆರವಾದ ಹಿರಿಯರೇ, ಹೆಸರು ಕೇಳಲು ಮರೆತದ್ದಕ್ಕೆ ಮೊದಲು ಕ್ಷಮೆ ಕೋರುತ್ತೇನೆ.

ಕತ್ತಲಲ್ಲಿ ನನ್ನ ಕ್ಯಾಮೆರಾ ಫೋಕಸ್ ಹಿಡಿಯದೆ ತಡವರಿಸುತ್ತಿದ್ದಾಗ, ನನ್ನ ಕೋಲಾರದ ಕಡೆಯ ತೆಲುಗನ್ನು ನಗದೆ ಕೇಳಿಸಿಕೊಂಡು, ದೂರದ ದೀಪವೊಂದಕ್ಕೆ ಕೈಯಿಂದಲೇ ಫೋಕಸ್ ಹೊಂದಿಸಿ, ಬೆಳಕಿಗೆ ಕ್ಯಾಮೆರಾದ ಸಂವೇದನೆಯನ್ನು ಸೂಚಿಸುವ ಐಎಸ್‌ಒವನ್ನು 100ಕ್ಕೆ ಇಳಿಸಿ, ಬೆಳಕು ಒಳಬರುವ ದ್ಯುತಿರಂಧ್ರವನ್ನು ಕಿರಿದಾಗಿಸಿ ಶಟರನ್ನು ತೆರೆದೇ ಇಡುವಂತೆ ತಿಳಿಸಿದಿರಿ. ಅಷ್ಟೇ ಅಲ್ಲ, ಕ್ಯಾಮೆರಾವನ್ನು ಮುಟ್ಟದೆ ಶಟರ್ ಒತ್ತಲು ಬಳಸುವ ನಿಮ್ಮದೇ ಕೇಬಲ್ ರಿಲೀಸನ್ನು ಬಿಚ್ಚಿ ನನಗೆ ಕೊಟ್ಟಿರಿ. ನಿಮ್ಮ ಚಿತ್ರದ ಗತಿಯೇನೆಂದು ಕೇಳಿದಾಗ, ಇಂಥವು ಬೇಕಾದಷ್ಟಿವೆ ಎಂದಿರಿ.

ಸರಿಯಾಗಿ 10 ಗಂಟೆಗೆ ದಿಗಂತ ಕಿತ್ತಳೆ ಬಣ್ಣಕ್ಕೆ ತಿರುಗಿ, ಕಕ್ಷೆಯಲ್ಲಿ ಉಪಗ್ರಹಗಳನ್ನು ಕೂಡಿಸುವ ಸ್ಪೇಡೆಕ್ಸ್ ಪ್ರಯೋಗದ ಜೋಡಿ ಉಪಗ್ರಹಗಳನ್ನು ಹೊತ್ತ ರಾಕೆಟ್ ಮೇಲೆದ್ದಾಗ ನೀರಿನಲ್ಲೂ ಅದರ ಬೆಳಕು ಹರಡಿತು. ಕಿಲೋಮೀಟರಿಗೆ ಸುಮಾರು 3 ಸೆಕೆಂಡಿನಂತೆ ನಿಧಾನವಾಗಿ ಬಂದ ಗುಡುಗು ನಮ್ಮನ್ನು ಮುಟ್ಟುವ ವೇಳೆಗೆ ಬೆಂಕಿಯ ಗೆರೆ ಸಾಕಷ್ಟು ಮೇಲಕ್ಕೆ ಬಾಗಿತ್ತು. ಬೆಚ್ಚಿ ಮುಕ್ಕಾಲಿಯನ್ನು ಹಿಡಿಯಹೋದ ನನ್ನ ಕೈಯನ್ನು ನೀವು ತಡೆಯದಿದ್ದರೆ ಆ ಗೆರೆ ಅಲ್ಲಿಯೇ ನಡುಗಿಹೋಗುತ್ತಿತ್ತು.

ಆ ಉಪಗ್ರಹಗಳು 2025ರ ಜನವರಿ 16ರಂದು ಕಕ್ಷೆಯಲ್ಲಿ ಒಂದಕ್ಕೊಂದು ಕೂಡಿಕೊಂಡ ಸುದ್ದಿ ಓದಿದ ದಿನ, ಅಂದಿನ ಚಿತ್ರವನ್ನು ಮುದ್ರಿಸಿ ಗೋಡೆಗೆ ಹಾಕಿದೆ. ನಿಮಗಾಗಿ ಇನ್ನೊಂದು ಪ್ರತಿಯನ್ನು ತೆಗೆದಿರಿಸಿದ್ದೇನೆ. ನಿಮಗೆ ನನ್ನ ಹೃತ್ಪೂರ್ವಕ ಧನ್ಯವಾದಗಳು.