ಕಾವೇರಿಯ ಬಿಳಿಮೀನಿಗೆ ಒಂದು ಅತ್ತಿಮರ

ಮಾನ್ಯರೇ,

ಶಿವನಸಮುದ್ರದಲ್ಲಿ ಧುಮುಕಿ ಮುತ್ತತ್ತಿ, ಮೇಕೆದಾಟಿನ ಕಡೆ ಹರಿಯುವ ಕಾವೇರಿಯ ಮಡುಗಳಲ್ಲಿ ಬಿಳಿಮೀನು ಇದೆ. ಹೊರಗಿನವರು ಡುಬ್ಬದ ಮಹಶೀರ್ ಅನ್ನುತ್ತಾರೆ. ತಲೆಯ ಹಿಂದೆ ಎದ್ದ ಡುಬ್ಬ, ಕಿತ್ತಳೆ ಬಣ್ಣದ ರೆಕ್ಕೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರ ಗಾಳಕ್ಕೆ ಬಿದ್ದ ಮಹಶೀರ್ 120 ಪೌಂಡ್ ತೂಗಿತ್ತು. 2018ರಲ್ಲಿ ಇದೇ ಬಿಳಿಮೀನು, ಅಪಾಯದಲ್ಲಿರುವ ಜೀವಿಗಳನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪುಪಟ್ಟಿಯಲ್ಲಿ ಅಳಿವಿನ ಅಂಚಿನ ಸಾಲಿಗೆ ಸೇರಿತು. ಇದರ ನೆಲೆ ಕಾವೇರಿ ಮತ್ತು ಅದರ ಉಪನದಿಗಳು ಮಾತ್ರ. ಇಲ್ಲಿ ಹೋದರೆ ಹೋಯಿತು.

ಬಲೆ, ಸಿಡಿಮದ್ದಿನಿಂದ ಮೀನು ಹಿಡಿಯುವ ವಿಷಯ ನಿಮಗೆ ಗೊತ್ತಿದೆ. ನಮ್ಮ ಟ್ರಸ್ಟಿನವರು ಹೇಳಹೊರಟಿರುವುದು ಅದರ ಊಟದ ಮಾತು. ದಡದ ಅತ್ತಿಮರದಿಂದ ಹಣ್ಣು ನೀರಿಗೆ ಬೀಳುವುದನ್ನು ಒಮ್ಮೆ ನೋಡಬೇಕು. ಗುಳುಂ ಅಂದ ಸದ್ದು ಅಡಗುವ ಮೊದಲೇ ತಳದಿಂದ ನೆರಳೊಂದು ಎದ್ದು, ಹಣ್ಣಿದ್ದ ಕಡೆ ಬರೀ ಸುಳಿ ಉಳಿದಿರುತ್ತದೆ. ನೇರಳೆ, ಏಡಿ, ಬಸವನಹುಳು, ಪಾಚಿ, ಸಣ್ಣ ಮೀನು ಎಲ್ಲವೂ ಅದಕ್ಕೆ ಆಹಾರ. ದವಡೆಯಲ್ಲಿ ಹಲ್ಲಿಲ್ಲ, ಏಡಿಯ ಚಿಪ್ಪನ್ನು ಗಂಟಲಿನ ಹಲ್ಲಿನಿಂದಲೇ ಪುಡಿ ಮಾಡುತ್ತದೆ. ದಡದ ಮರ ಹೋದರೆ ಹಣ್ಣೂ ಇಲ್ಲ, ನೆರಳೂ ಇಲ್ಲ. ಮರಳು, ಜಲ್ಲಿ ತೋಡಿದರೆ ಏಡಿಯ ಮನೆಯೂ ಹೋಯಿತು, ಮಹಶೀರ್ ಮೊಟ್ಟೆಯಿಡುವ ಜಾಗವೂ ಹೋಯಿತು.

ಮರಿಗಳನ್ನು ತಂದು ಬಿಟ್ಟರಾಯಿತಲ್ಲ ಎಂದು ಹಲವರು ಕೇಳುತ್ತಾರೆ. ಹಿಂದೆ ಒಳ್ಳೆಯ ಮನಸ್ಸಿನಿಂದಲೇ ಬೇರೆ ಜಾತಿಯ, ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಟ್ಟರು. ಅವು ಹೆಚ್ಚಿದವು, ನಮ್ಮ ಬಿಳಿಮೀನು ಕುಗ್ಗಿತು. ಹಾಗಾಗಿ ಮರಿಗಳ ಸಲುವಾಗಿ ನಾವು ಒಂದು ರೂಪಾಯಿಯನ್ನೂ ಕೇಳುತ್ತಿಲ್ಲ.

ಕೇಳುತ್ತಿರುವುದು ಮರಕ್ಕೆ. ಹೊಳೆದಂಡೆಯ ಕೆಲವು ರೈತರು ತಮ್ಮ ಜಮೀನಿನ ಅಂಚನ್ನು ಬಿಟ್ಟುಕೊಡಲು ಒಪ್ಪಿದ್ದಾರೆ. ಮುಂಗಾರು ಬಿದ್ದ ಕೂಡಲೇ ಅಲ್ಲಿ ಅತ್ತಿ, ನೇರಳೆ, ಹೊಳೆಮತ್ತಿ ನೆಡುತ್ತೇವೆ. ಹೋದ ವರ್ಷ ಸಸಿ ನೆಟ್ಟೆವು, ಬೇಸಿಗೆಗೆ ನೀರು ಹೊರುವವರನ್ನು ಗೊತ್ತು ಮಾಡಲಿಲ್ಲ. ಮುಕ್ಕಾಲು ಪಾಲು ಒಣಗಿದವು. ಅದು ನಮ್ಮದೇ ತಪ್ಪು. ಈ ಸಲ ಮೀನುಗಾರ ಮನೆಗಳ ಹುಡುಗರಿಗೆ ಕೂಲಿ ಕೊಟ್ಟು ಕಾವಲಿಗೂ ನೀರಿಗೂ ನಿಲ್ಲಿಸುತ್ತೇವೆ. ಬೇಲಿ, ಮೂರು ಬೇಸಿಗೆಯ ನೀರು ಸೇರಿ ಸಸಿಯೊಂದಕ್ಕೆ 1,000 ರೂಪಾಯಿ. ಪೂರ್ತಿ ಆಗದಿದ್ದರೆ ಕೈಲಾದಷ್ಟು ಕೊಡಿ.

ಪುಣ್ಯಕ್ಕೆಂದು ಹೊಳೆಗೆ ಪುರಿ, ಬಿಸ್ಕತ್ತು ಸುರಿಯುವ ಭಕ್ತರಲ್ಲಿ ಬೇರೆಯಾಗಿ ಕೈಮುಗಿದು ಕೇಳುತ್ತೇವೆ: ಆ ದುಡ್ಡನ್ನು ಸಸಿಗೆ ಕೊಡಿ. ಹಿರಿಯರ ನೆನಪಿಗೆ ಕೊಡುವವರು ಅವರ ಹೆಸರು ಬರೆದುಕೊಡಿ, ಸಸಿಯ ಬೇಲಿಗೆ ಕಟ್ಟುತ್ತೇವೆ. ಪ್ರತಿ ದೇಣಿಗೆಗೂ ರಸೀದಿ ಇದೆ. ಯಾವ ಸಸಿ ಉಳಿಯಿತು, ಯಾವುದು ಹೋಯಿತು ಎಂಬ ಲೆಕ್ಕವನ್ನು ಪ್ರತಿ ಯುಗಾದಿಗೆ ನಿಮಗೆ ಒಪ್ಪಿಸುತ್ತೇವೆ.

ಇತಿ,
ಟ್ರಸ್ಟಿನ ಎಲ್ಲ ಸದಸ್ಯರ ಪರವಾಗಿ