ಹಗುರ ರೆಡ್ ವೈನ್: ವರ್ಷ ಒಂದೇ ಇರಲಿ, ಊರು ಬೇರೆ ಇರಲಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಫ್ರಾನ್ಸಿನ ರೆಡ್ ವೈನ್ ಬಗ್ಗೆ ಬಂದ ಬರಹ ಓದಿದೆ. ಕನ್ನಡದಲ್ಲಿ ಈ ವಿಷಯ ಬರೆಯುವವರು ಕಮ್ಮಿ, ಹಾಗಾಗಿ ಖುಷಿಯಾಯಿತು. ಆದರೆ ಅಲ್ಲಿನ ಕೆಲವು ಮಾತಿಗೆ ನನ್ನ ತಕರಾರಿದೆ. ರೆಡ್ ವೈನ್ ಅಂದರೆ ಬಣ್ಣ ಕಡುವಾಗಿರಬೇಕು, ಹಳೆಯದಾದಷ್ಟೂ ರುಚಿ, ಫ್ರಿಜ್‌ನಲ್ಲಿ ಇಡಲೇಬಾರದು ಅಂತೆಲ್ಲ ಬಂದಿದೆ. ಫ್ರಾನ್ಸಿನ ಬೋರ್ಡೋ ಸೀಮೆಯ ದುಬಾರಿ ಬಾಟಲಿಗಳ ಮಟ್ಟಿಗೆ ಇದು ಸರಿ ಇರಬಹುದು. ನಾನು ಕೆಲಸದ ಮೇಲೆ ಬಂದು ನೆಲೆಸಿರುವುದು ಲಿಯಾನ್‌ನಲ್ಲಿ. ಇಲ್ಲಿಂದ ಸ್ವಲ್ಪ ಉತ್ತರಕ್ಕೆ ಹೋದರೆ ಬೋಜೊಲೆ ಅನ್ನುವ ಗುಡ್ಡಗಾಡು ಸೀಮೆ. ಅಲ್ಲಿನ ವೈನಿಗೆ ಈ ಮಾತು ಒಂದೂ ಹೊಂದುವುದಿಲ್ಲ.

ಬರಹದಲ್ಲಿ ಬೋಜೊಲೆಗೆ ಸಿಕ್ಕಿದ್ದು ಒಂದೇ ಸಾಲು: ನವೆಂಬರ್‌ನಲ್ಲಿ ಬರುವ ಹೊಸ ವೈನ್, ಬಾಳೆಹಣ್ಣಿನ ವಾಸನೆ, ಬೇಗ ಕುಡಿದು ಮುಗಿಸಬೇಕು. ಅದು ಬೋಜೊಲೆ ನೂವೋ. ಪ್ರತಿ ವರ್ಷ ನವೆಂಬರ್‌ನ ಮೂರನೇ ಗುರುವಾರ ಮಾರಾಟಕ್ಕೆ ಬರುತ್ತದೆ, ನಿಜ. ಆದರೆ ಅದನ್ನೇ ಕುಡಿದು ಇಡೀ ಸೀಮೆಯನ್ನು ಅಳೆಯಬಾರದು. ಇಲ್ಲಿ ಹತ್ತು ಕಡೆಯ ವೈನಿಗೆ ತಮ್ಮದೇ ಹೆಸರಿನಲ್ಲಿ ಮಾರುವ ಹಕ್ಕಿದೆ, ಅವಕ್ಕೆ ಕ್ರೂ ಅಂತಾರೆ. ಫ್ಲೋರಿ, ಮೊರ್ಗೊನ್, ಶಿರೂಬ್ಲ್‌ಗೆಲ್ಲ 1936ರಲ್ಲೇ ಆ ಹಕ್ಕು ಬಂತು, ಕೊನೆಗೆ ಸೇರಿದ ರೆನ್ಯೆಗೆ 1988ರಲ್ಲಿ. ಈ ಹತ್ತರಲ್ಲಿ ಯಾವುದನ್ನೂ ನೂವೋ ಮಾಡಿ ಮಾರುವಂತಿಲ್ಲ.

ಹತ್ತಕ್ಕೂ ದ್ರಾಕ್ಷಿ ಒಂದೇ, ಗಾಮೆ. ಬರ್ಗಂಡಿಯ ಡ್ಯೂಕ್ ಫಿಲಿಪ್ 1395ರಲ್ಲಿ ಈ ಬಳ್ಳಿಯನ್ನು ತನ್ನ ಸೀಮೆಯಿಂದ ಕಿತ್ತು ಹಾಕಿ ಅಂತ ಅಪ್ಪಣೆ ಹೊರಡಿಸಿದ್ದ. ಫಸಲು ಜಾಸ್ತಿ, ವೈನ್ ಒರಟು ಅನ್ನುವುದು ದೂರು. ಅದೇ ಬಳ್ಳಿ ಬರ್ಗಂಡಿಯ ದಕ್ಷಿಣಕ್ಕಿರುವ ಬೋಜೊಲೆಯ ಗ್ರಾನೈಟ್ ಗುಡ್ಡಗಳಲ್ಲಿ ಸೊಗಸಾಗಿ ಬಂತು. ಹಣ್ಣಿನಲ್ಲಿ ಹುಳಿ ಚೆನ್ನಾಗಿದೆ, ಒಗರು ಕಮ್ಮಿ. ಮಾಡುವ ರೀತಿಯೂ ಹಾಗೇ ಇದೆ. ಗೊಂಚಲನ್ನು ಬಿಡಿಸದೆ, ಹಿಸುಕದೆ ಇಡಿಯಾಗಿ ತೊಟ್ಟಿಗೆ ಹಾಕಿ ಮುಚ್ಚುತ್ತಾರೆ. ತಳದಲ್ಲಿ ಭಾರಕ್ಕೆ ಒಡೆದ ಹಣ್ಣಿನ ರಸ ಹುದುಗಲು ಶುರುವಾಗಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ, ಗಾಳಿ ಸಿಗದೆ ಮೇಲಿನ ಇಡೀ ಹಣ್ಣುಗಳು ಸಿಪ್ಪೆಯ ಒಳಗೇ ಹುದುಗತೊಡಗುತ್ತವೆ. ಸಿಪ್ಪೆ, ಬೀಜದ ಒಗರು ಅಷ್ಟಾಗಿ ಇಳಿಯುವುದಿಲ್ಲ, ಹಣ್ಣಿನ ಪರಿಮಳ ಮಾತ್ರ ಉಳಿಯುತ್ತದೆ. ಬಣ್ಣ ತೆಳು ಅಂದ ಮಾತ್ರಕ್ಕೆ ಕಳಪೆ ಅಲ್ಲ ಅಂತ ನಾನು ಹೇಳುವುದು ಇದಕ್ಕೇ.

ಈಗ ಮುಖ್ಯ ವಿಷಯ. ನಿಮ್ಮ ಬರಹದಲ್ಲಿ 2020ರ ಒಂದು ಫ್ಲೋರಿಯನ್ನೂ 2021ರ ಒಂದು ಮೊರ್ಗೊನ್ನನ್ನೂ ಪಕ್ಕಪಕ್ಕ ಇಟ್ಟು, ಫ್ಲೋರಿ ತುಂಬಿದ ವೈನ್, ಮೊರ್ಗೊನ್ ತೆಳುವು ಅಂತ ತೀರ್ಪು ಕೊಟ್ಟಿದ್ದಾರೆ. ಸಾಮಾನ್ಯವಾಗಿ ಇದು ತಿರುಗಾಮುರುಗಾ! ಅವರ ನಾಲಿಗೆಗೆ ಸಿಕ್ಕಿದ್ದು ಊರಿನ ವ್ಯತ್ಯಾಸವಲ್ಲ, ವರ್ಷದ ವ್ಯತ್ಯಾಸ. 2020 ಸುಡು ಬಿಸಿಲಿನ ವರ್ಷ, ಇಲ್ಲಿ ಆಗಸ್ಟ್‌ನಲ್ಲೇ ಕೊಯ್ಲು ಶುರುವಾಗಿತ್ತು. ಹಣ್ಣಿನಲ್ಲಿ ಸಕ್ಕರೆ ಜಾಸ್ತಿ, ಹಾಗಾಗಿ ಆಲ್ಕೋಹಾಲೂ ಜಾಸ್ತಿ. 2021 ಇದಕ್ಕೆ ಪೂರ್ತಿ ಉಲ್ಟಾ. ಮಾರ್ಚ್ ಕೊನೆಗೆ ಬಿಸಿಲು ನೋಡಿ ಬಳ್ಳಿ ಬೇಗ ಚಿಗುರಿತು, ಏಪ್ರಿಲ್ ಮೊದಲ ವಾರದ ರಾತ್ರಿಗಳಲ್ಲಿ ಫ್ರಾನ್ಸಿನ ಉದ್ದಗಲಕ್ಕೂ ಮಂಜು ಹೆಪ್ಪುಗಟ್ಟಿ ಚಿಗುರು ಸುಟ್ಟಿತು. ತೋಟದ ಸಾಲುಗಳ ಮಧ್ಯೆ ದೊಡ್ಡ ಮೇಣದ ಡಬ್ಬಿ ಹಚ್ಚಿಟ್ಟು ರೈತರು ರಾತ್ರಿಯಿಡೀ ಕಾದರು. ಆಮೇಲೆ ಬೇಸಿಗೆಯಲ್ಲಿ ಬಿಡದ ಮಳೆ, ಜೊತೆಗೆ ದಾವಣಿ ಅನ್ನುವ ಶಿಲೀಂಧ್ರ ರೋಗ. ಅದು ಏನು ಮಾಡುತ್ತದೆ ಅಂತ ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೆ ನಾನು ಹೇಳಬೇಕಿಲ್ಲ. ಕೊಯ್ಲು ಸೆಪ್ಟೆಂಬರ್‌ಗೆ ಹೋಯಿತು, ಫಸಲು ಇಳಿಯಿತು. ಒಳ್ಳೆಯ ರೈತರು ಕೊಳೆತ ಕಾಳುಗಳನ್ನು ಒಂದೊಂದಾಗಿ ಆರಿಸಿ ತೆಗೆದು ಮಾಡಿದ ವೈನ್ ತೆಳ್ಳಗೆ, ಚುರುಕಾಗಿ, ಹುಳಿ ಎದ್ದು ಕಾಣುವ ಹಾಗೆ ಬಂತು. ನನಗಂತೂ 2021 ತುಂಬಾ ಇಷ್ಟ. ಬಿಸಿಲಿನ ವರ್ಷದಲ್ಲಿ ಹತ್ತೂ ಊರಿನ ವೈನ್ ಮಾಗಿದ ಹಣ್ಣಿನ ಒಂದೇ ರುಚಿಗೆ ವಾಲುತ್ತದೆ, ತಂಪಿನ ವರ್ಷದಲ್ಲಿ ಊರೂರಿನ ಗುಣ ಬಿಚ್ಚಿಕೊಂಡು ಕಾಣುತ್ತದೆ.

ಹಾಗಾಗಿ ಇಲ್ಲಿನ ಕನ್ನಡದ ಗೆಳೆಯರು ಸೇರಿದಾಗ ನಾವು ವರ್ಷವನ್ನು ಗಟ್ಟಿ ಮಾಡಿಕೊಳ್ಳುತ್ತೇವೆ. ಎಲ್ಲ ಬಾಟಲಿ 2021ರದ್ದೇ. ಪೇಪರ್ ಸುತ್ತಿ ನಂಬರ್ ಬರೆಯುವುದು ಒಬ್ಬರ ಕೆಲಸ, ಅವರು ಆವತ್ತು ತೀರ್ಪು ಹೇಳುವಂತಿಲ್ಲ. ಲೋಟಗಳೆಲ್ಲ ಒಂದೇ ಥರ, ಒಂದೊಂದಕ್ಕೆ ಎರಡು ಗುಟುಕು, ಉಗುಳಲು ಒಂದು ಪಾತ್ರೆ. ಮೊದಲು ಎಲ್ಲವನ್ನೂ ಬರೀ ಮೂಸಿ ನೋಡುತ್ತೇವೆ, ಕುಡಿಯುವುದು ಆಮೇಲೆ.

ಶಿರೂಬ್ಲ್ ಈ ಹತ್ತರಲ್ಲಿ ಎತ್ತರದ ಜಾಗ. ವೈನ್ ಲೋಟದಲ್ಲಿ ಎಷ್ಟು ತೆಳು ಅಂದರೆ ಕೆಳಗಿಟ್ಟ ಪೇಪರಿನ ಅಕ್ಷರ ಓದಬಹುದು. ಆಗ ತಾನೇ ತೊಳೆದ ಸ್ಟ್ರಾಬೆರಿಯ ವಾಸನೆ, ನಾಲಿಗೆಯ ಎರಡೂ ಬದಿ ನೀರೂರಿಸುವ ಹುಳಿ, ಅಷ್ಟೇ, ಮುಗಿಯಿತು. ಫ್ಲೋರಿಯದು ಗುಲಾಬಿ ಬಣ್ಣದ ಗ್ರಾನೈಟ್ ಪುಡಿಯಾದ ಮಣ್ಣು, ಅದರಲ್ಲಿ ಹೂವಿನ ಪರಿಮಳ ಮುಂದಾಗಿ ಬರುತ್ತದೆ. ನಮ್ಮಲ್ಲಿ ಜಾಸ್ತಿ ವಾದ ನಡೆದದ್ದು ಕೋಟ್ ದ ಬ್ರುಯಿ ಬಗ್ಗೆ. ಇದು ಬ್ರುಯಿ ಗುಡ್ಡದ ಇಳಿಜಾರಿನ ನೀಲಿ ಕಲ್ಲಿನ ನೆಲದ್ದು. ಗುಡ್ಡದ ಸುತ್ತ ತಪ್ಪಲಲ್ಲಿ ಬೆಳೆಯುವುದಕ್ಕೆ ಬ್ರುಯಿ ಅಂತಷ್ಟೇ ಹೆಸರು, ಹತ್ತರಲ್ಲಿ ಎಲ್ಲಕ್ಕಿಂತ ದೊಡ್ಡದು, ಮೆದು, ಹಣ್ಣು ಹಣ್ಣಾದ ರುಚಿ. ಇಳಿಜಾರಿನದು ಹಾಗಲ್ಲ. ಬಾಯಲ್ಲಿ ಬಿಗಿಯಾಗಿ ನಿಲ್ಲುತ್ತದೆ, ಕೊನೆಗೆ ಉಪ್ಪುಪ್ಪು ಅನಿಸುವ ಹಾಗೆ ಏನೋ ಉಳಿಯುತ್ತದೆ. ಎರಡೂ ಒಂದೇ ವರ್ಷದ್ದು, ದ್ರಾಕ್ಷಿ ಒಂದೇ, ಮಳೆ ಒಂದೇ, ನಡುವೆ ಇರುವುದು ನಡೆದು ಹೋಗುವಷ್ಟು ದೂರ. ಬೇರೆ ಬೇರೆ ವರ್ಷದ್ದು ಕುಡಿದಿದ್ದರೆ ಇದು ಯಾರ ಗಮನಕ್ಕೂ ಬರುತ್ತಿರಲಿಲ್ಲ, ಅಲ್ವಾ?

ಆ ಗುಡ್ಡದ ತುದಿಯಲ್ಲಿ ಒಂದು ಚಿಕ್ಕ ಚರ್ಚ್ ಇದೆ. 19ನೇ ಶತಮಾನದಲ್ಲಿ ಬೂದಿ ರೋಗ ಬಂದು ತೋಟಗಳೆಲ್ಲ ಹಾಳಾದಾಗ, ಬಳ್ಳಿ ಉಳಿಸು ತಾಯಿ ಅಂತ ಮೇರಿಗೆ ಹರಕೆ ಹೊತ್ತು ಕಟ್ಟಿದ್ದು. ಹೋದವರು ತಪ್ಪದೆ ಹತ್ತಿ ನೋಡಿ.

ಮೊರ್ಗೊನ್ ಮತ್ತು ಮುಲಾನ್-ಆ-ವಾನ್ ಈ ಸಾಲಿನಲ್ಲಿ ತೂಕದವು, 2021ರಲ್ಲೂ. ಮುಲಾನ್-ಆ-ವಾನ್ ಬಾಟಲಿ ತೆಗೆದ ಕೂಡಲೇ ಮೂತಿ ಬಿಗಿದುಕೊಂಡಿತ್ತು, ಮರುದಿನ ಉಳಿದದ್ದನ್ನು ಕುಡಿದರೆ ಎಲ್ಲಕ್ಕಿಂತ ಚೆನ್ನಾಗಿತ್ತು. ಇವೆರಡನ್ನು ಕೆಲವು ವರ್ಷ ಇಡಬಹುದು. ಶಿರೂಬ್ಲ್, ಬ್ರುಯಿ ಇಟ್ಟು ಕಾಯುವ ವೈನ್ ಅಲ್ಲ, ಇಟ್ಟರೆ ಅದರ ತಾಜಾತನವೇ ಹೋಗುತ್ತದೆ.

ವರ್ಷ ಒಂದೇ ಆದ ಮಾತ್ರಕ್ಕೆ ಹೋಲಿಕೆ ಪೂರ್ತಿ ಸರಿಯಾಯಿತು ಅಂತಲೂ ಅಲ್ಲ. ಮಾಡುವವರ ಕೈಗುಣ ಇದೆಯಲ್ಲ! ಮೊರ್ಗೊನ್‌ನ ಮಾರ್ಸೆಲ್ ಲಾಪಿಯೆರ್ ಮತ್ತವರ ಗೆಳೆಯರು, ಜೂಲ್ ಶೋವೆ ಅನ್ನುವ ವೈನ್ ವ್ಯಾಪಾರಿ-ರಸಾಯನ ತಜ್ಞರ ಮಾತು ಕೇಳಿ, ವೈನ್ ಕೆಡದಂತೆ ಹಾಕುವ ಗಂಧಕ ಕಮ್ಮಿ ಮಾಡಿ, ಹೊರಗಿನ ಯೀಸ್ಟ್ ಹಾಕದೆ ವೈನ್ ಮಾಡಿದರು. ಆ ದಾರಿಯವರ ಮೊರ್ಗೊನ್‌ಗೂ, ಮರದ ಪೀಪಾಯಿಯಲ್ಲಿ ಬಹಳ ದಿನ ಇಡುವವರ ಮೊರ್ಗೊನ್‌ಗೂ ಅಜಗಜಾಂತರ. ಆದ್ದರಿಂದ ಆದಷ್ಟೂ ಒಬ್ಬರೇ ಮಾಡಿದ ಎರಡು ಮೂರು ಊರಿನ ವೈನ್ ಹುಡುಕಿ. ಆಗ ವರ್ಷ, ದ್ರಾಕ್ಷಿ, ಕೈ ಮೂರೂ ಒಂದೇ, ಬದಲಾಗುವುದು ನೆಲ ಮಾತ್ರ.

ಇನ್ನು ಫ್ರಿಜ್ ವಿಚಾರ. ರೂಮಿನ ಉಷ್ಣತೆಯಲ್ಲಿ ಕುಡಿಯಿರಿ ಅನ್ನುವ ಸಲಹೆ ಯುರೋಪಿನ ಹಳೇ ತಣ್ಣನೆ ಮನೆಗಳ ಕಾಲದ್ದು. ಏಪ್ರಿಲ್‌ನಲ್ಲಿ ಬೆಂಗಳೂರಿನ ಮನೆಯೊಳಗೆ 28, 30 ಡಿಗ್ರಿ ಇರುತ್ತದೆ, ಕಲಬುರಗಿಯ ಮಾತಂತೂ ಬೇಡ. ಆ ಬಿಸಿಯಲ್ಲಿ ಗಾಮೆ ಬರೀ ಸ್ಪಿರಿಟ್ ಹೊಡೆಯುತ್ತದೆ, ಹಣ್ಣಿನ ವಾಸನೆ ಮಾಯ. 12ರಿಂದ 14 ಡಿಗ್ರಿ ಇದಕ್ಕೆ ಸರಿ. ಇಲ್ಲಿನ ಊಟದ ಹೋಟೆಲುಗಳಲ್ಲೂ ದಪ್ಪ ತಳದ ಗಾಜಿನ ಬಾಟಲಿಯಲ್ಲಿ ತಣ್ಣಗೇ ತಂದಿಡುತ್ತಾರೆ. ಫ್ರಿಜ್‌ನಲ್ಲಿ ಎರಡು ಮೂರು ಗಂಟೆ ಇಟ್ಟು ತೆಗೆಯಿರಿ, ಸುಮ್ನೆ ಹೆದರಬೇಡಿ. ಒಗರು ಜಾಸ್ತಿ ಇರುವ ವೈನ್ ನಮ್ಮ ಖಾರದ ಊಟದ ಜೊತೆ ಬಾಯಿ ಉರಿಸುತ್ತದೆ, ತಣ್ಣನೆಯ ಬ್ರುಯಿ ಎಣ್ಣೆಗಾಯಿಯ ಜೊತೆಗೂ ಹೊಂದಿಕೊಂಡಿತು.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದೆ ವೈನ್ ಬಗ್ಗೆ ಬರೆಸುವಾಗ ಬಾಟಲಿಯ ಬೆಲೆ, ಬ್ರ್ಯಾಂಡ್ ಜೊತೆಗೆ ವರ್ಷ ಮತ್ತು ಊರಿನ ಹೆಸರು ತಪ್ಪದೆ ಹಾಕಿಸಿ, ಎಷ್ಟು ತಣ್ಣಗೆ ಕುಡಿದಿರಿ ಅಂತಲೂ ಬರೆಸಿ. ಎರಡು ಊರು ಹೋಲಿಸುವುದಿದ್ದರೆ ಒಂದೇ ವರ್ಷದ್ದು ಸಿಗುವವರೆಗೆ ಕಾಯಿರಿ. ಅಂಗಡಿಯಲ್ಲಿ ಒಂದೇ ವರ್ಷದ ಎರಡೇ ಬಾಟಲಿ ಸಿಕ್ಕರೂ ಸಾಕು.

ಇಂತಿ,
ಲಿಯಾನ್‌ನಿಂದ ನಿಮ್ಮ ಓದುಗ