ಈ ವಾರ ಜನ ಹುಡುಕಿದ್ದು: ಮಗಳಿಗೊಂದು ಪತ್ರ

ಬದಿಯಡ್ಕ, ಕಾಸರಗೋಡು ಜಿಲ್ಲೆ

ಪ್ರೀತಿಯ ಮಗಳೇ,

ನಿಮ್ಮ ಸುದ್ದಿತಾಣದಲ್ಲಿ ಶನಿವಾರ ಬರುವ ‘ಈ ವಾರ ಕನ್ನಡಿಗರು ಹುಡುಕಿದ್ದು’ ಅಂಕಣವನ್ನು ಇನ್ನು ಮುಂದೆ ನೀನೇ ಬರೆಯುತ್ತೀಯೆಂದು ತಿಳಿದು ಸಂತೋಷವಾಯಿತು. ಮೊದಲ ಕಂತನ್ನು ಓದಿ ಅಭಿಪ್ರಾಯ ತಿಳಿಸೆಂದು ಕೇಳಿದ್ದೀಯಲ್ಲ, ಫೋನಿನಲ್ಲಿ ಹೇಳಹೊರಟರೆ ಅರ್ಧಕ್ಕೇ ಯಾರಾದರೂ ಆನ್‌ಲೈನ್ ಅರ್ಜಿ, ದಾಖಲೆಗಳ ಕೆಲಸಕ್ಕೆಂದು ನನ್ನ ಅಕ್ಷಯ ಕೇಂದ್ರದ ಮೆಟ್ಟಿಲೇರಿ ಬರುತ್ತಾರೆ. ಆದ್ದರಿಂದ ಬರೆದೇ ಕಳಿಸುತ್ತಿದ್ದೇನೆ. ಬರವಣಿಗೆ ಚೆನ್ನಾಗಿದೆ, ಸರಾಗವಾಗಿ ಓದಿಸಿಕೊಂಡು ಹೋಗುತ್ತದೆ. ಆದರೆ ಪಟ್ಟಿಯ ಮೇಲ್ತುದಿಯ ಹೆಸರುಗಳನ್ನು ನೋಡಿ ‘ನಮ್ಮ ಜನರ ತಲೆಯಲ್ಲಿ ಈ ವಾರ ಇದ್ದದ್ದು ಸಿನಿಮಾ ಮತ್ತು ಕ್ರಿಕೆಟ್ ಮಾತ್ರ’ ಎಂದು ನೀನು ಬರೆದ ವಾಕ್ಯವನ್ನು ನಾನು ಒಪ್ಪಲಾರೆ. ಆ ಪಟ್ಟಿಗೆ ಅಷ್ಟು ದೊಡ್ಡ ಮಾತನ್ನು ಹೊರುವ ಶಕ್ತಿ ಇಲ್ಲ.

ನೀನು ಪಟ್ಟಿಯನ್ನು ತೆಗೆದುಕೊಂಡಿರುವುದು ಗೂಗಲ್‌ನಲ್ಲಿ ಜನ ಏನು ಹುಡುಕುತ್ತಾರೆಂದು ತೋರಿಸುವ ಗೂಗಲ್ ಟ್ರೆಂಡ್ಸ್‌ನಿಂದ. ಅದು ತೋರಿಸುವ ಅಂಕಿ ಎಷ್ಟು ಜನ ಹುಡುಕಿದರೆಂಬ ಎಣಿಕೆಯಲ್ಲ. ಒಂದು ಪ್ರದೇಶದಲ್ಲಿ, ಒಂದು ಅವಧಿಯಲ್ಲಿ ನಡೆದ ಒಟ್ಟು ಹುಡುಕಾಟದಲ್ಲಿ ಆ ಪದದ ಪಾಲು ಎಷ್ಟೆಂಬುದನ್ನು ಮಾದರಿಯೊಂದರಿಂದ ಲೆಕ್ಕ ಹಾಕಿ, ಆ ಪಾಲು ಅತ್ಯಂತ ಹೆಚ್ಚಿದ್ದ ಗಳಿಗೆಯನ್ನು 100 ಎಂದಿಟ್ಟುಕೊಂಡು, ಉಳಿದ ದಿನಗಳನ್ನೆಲ್ಲ ಅದಕ್ಕೆ ಹೋಲಿಸಿ 0ಯಿಂದ 100ರೊಳಗೆ ಕೂರಿಸುತ್ತಾರೆ. ಆದ್ದರಿಂದ ಎರಡು ಹೆಸರುಗಳನ್ನು ಪ್ರತ್ಯೇಕವಾಗಿ ನೋಡಿದಾಗ ಎರಡಕ್ಕೂ 100 ಬಂದಿದ್ದರೆ ಎರಡನ್ನೂ ಸಮಾನ ಸಂಖ್ಯೆಯ ಜನ ಹುಡುಕಿದರು ಎಂದು ಹೇಳುವಂತಿಲ್ಲ. ನಿನ್ನ ಮೂರನೆಯ ಪ್ಯಾರಾದಲ್ಲಿ ಹೀಗೊಂದು ಹೋಲಿಕೆ ಇದೆ, ಅದನ್ನು ತೆಗೆದುಬಿಡು. ‘ಏರುತ್ತಿರುವ’ ಹುಡುಕಾಟಗಳ ಪಟ್ಟಿಯಂತೂ ಹಿಂದಿನ ಅವಧಿಗಿಂತ ಎಷ್ಟು ಪಟ್ಟು ಹೆಚ್ಚಾಯಿತೆಂಬುದನ್ನು ಮಾತ್ರ ಅಳೆಯುತ್ತದೆ, ಏರಿಕೆ ಶೇ. 5000 ದಾಟಿದರೆ ಅಂಕಿಯನ್ನು ಬಿಟ್ಟು ‘ಬ್ರೇಕೌಟ್’ ಎಂದಷ್ಟೇ ಬರೆಯುತ್ತದೆ. ಹಿಂದಿನ ವಾರ ಯಾರೂ ಕೇಳದಿದ್ದ ಹೆಸರಿಗೆ ಅಲ್ಲಿ ಮೇಲೇರುವುದು ಸುಲಭ. ಪ್ರತಿವಾರವೂ ಕೇಳುತ್ತಲೇ ಇರುವ ಪ್ರಶ್ನೆಗೆ ಅಲ್ಲಿ ಜಾಗವೇ ಇಲ್ಲ. ಜನ ನಿಜಕ್ಕೂ ದಿನವಿಡೀ ಟೈಪ್ ಮಾಡುವ ಯೂಟ್ಯೂಬ್, ವಾಟ್ಸ್ಆ್ಯಪ್ ವೆಬ್, ಹವಾಮಾನ ಇತ್ಯಾದಿಗಳು ನಿನ್ನ ಪಟ್ಟಿಯಲ್ಲಿ ಏಕಿಲ್ಲವೆಂದು ಯೋಚಿಸಿದ್ದೀಯಾ? ಅವು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ನಮ್ಮಲ್ಲಿ ಮಳೆಗೆ ತೋಡು ಉಕ್ಕಿ ಹರಿದರೆ ಊರೆಲ್ಲ ಓಡಿಹೋಗಿ ನೋಡುತ್ತದೆ, ಗುಡ್ಡದೊಳಗಿನ ಸುರಂಗದಿಂದ ನಿತ್ಯ ತೊಟ್ಟಿಗೆ ಬೀಳುವ ನೀರನ್ನು ಯಾರೂ ನಿಂತು ನೋಡುವುದಿಲ್ಲ. ನಿನ್ನ ಪಟ್ಟಿ ತೋಡಿನ ಪಟ್ಟಿ. ವರ್ಷದ ಕೊನೆಗೆ ಗೂಗಲ್ ಬಿಡುಗಡೆ ಮಾಡುವ ಪಟ್ಟಿಯೂ ಇದೇ ಜಾತಿಯದು. 2023ರಲ್ಲಿ ಭಾರತದ ಸುದ್ದಿ ವಿಭಾಗದಲ್ಲಿ ಚಂದ್ರಯಾನ-3 ಮೊದಲಿಗೂ ಕರ್ನಾಟಕದ ಚುನಾವಣಾ ಫಲಿತಾಂಶ ಅದರ ಹಿಂದೆಯೂ ಬಂದವು. ಎರಡೂ ಒಂದೆರಡು ದಿನಗಳಲ್ಲಿ ಭುಗಿಲೆದ್ದ ಕುತೂಹಲಗಳೇ.

ಹಾಗೆಂದು ಸಿನಿಮಾ ತಾರೆಯರ ಹುಡುಕಾಟವನ್ನು ಹಗುರವಾಗಿ ಕಾಣಬೇಕೆಂದು ನಾನು ಹೇಳುತ್ತಿಲ್ಲ. ವಾರದ ಹುಡುಕಾಟದ ಪಟ್ಟಿ ಎಂಬುದು ಗೂಗಲ್‌ನಿಂದಲೇ ಹುಟ್ಟಿದ್ದೂ ಅಲ್ಲ. ಲೈಕೋಸ್ ಎಂಬ ಹಳೆಯ ಹುಡುಕುತಾಣ 1999ರಲ್ಲೇ ವಾರಕ್ಕೊಮ್ಮೆ 50 ಹೆಸರುಗಳನ್ನು ಪ್ರಕಟಿಸತೊಡಗಿತ್ತು, ಪೋಕೆಮಾನ್ ಮತ್ತು ಬ್ರಿಟ್ನಿ ಸ್ಪಿಯರ್ಸ್ ಅಲ್ಲಿಂದ ಕದಲುತ್ತಲೇ ಇರಲಿಲ್ಲ. 2000ದ ಫೆಬ್ರವರಿಯಲ್ಲಿ ಗ್ರ್ಯಾಮಿ ಸಮಾರಂಭಕ್ಕೆ ಜೆನ್ನಿಫರ್ ಲೋಪೆಜ್ ಹಸಿರು ಉಡುಪೊಂದನ್ನು ತೊಟ್ಟು ಬಂದಾಗ ಅದುವರೆಗೆ ಗೂಗಲ್ ಕಂಡ ಅತಿ ಜನಪ್ರಿಯ ಹುಡುಕಾಟ ಅದೇ ಆಯಿತೆಂದು ಆ ಸಂಸ್ಥೆಯ ಮುಖ್ಯಸ್ಥರಾಗಿದ್ದ ಎರಿಕ್ ಶ್ಮಿಟ್ ಮುಂದೆ ಬರೆದರು. ಜನರಿಗೆ ಬೇಕಿದ್ದದ್ದು ಆ ಉಡುಪಿನ ಚಿತ್ರ, ಗೂಗಲ್ ಕೊಡುತ್ತಿದ್ದದ್ದು ಅಕ್ಷರಗಳ ಕೊಂಡಿಗಳ ಸಾಲು. ಮರುವರ್ಷ, 2001ರ ಜುಲೈಯಲ್ಲಿ, ಚಿತ್ರಗಳನ್ನೇ ಹುಡುಕುವ ವ್ಯವಸ್ಥೆ ಬಂದಿತು. ಒಂದು ಸೀರೆಯ ಸುದ್ದಿಯಂಥ ಸುದ್ದಿಯಿಂದ ಇಷ್ಟು ದೊಡ್ಡ ಅನುಕೂಲ ಹುಟ್ಟಿತಲ್ಲ ಎಂದು ನನಗೆ ಈಗಲೂ ಖುಷಿಯಾಗುತ್ತದೆ. ಅದೇ 2001ರಲ್ಲಿ, ಸೆಪ್ಟೆಂಬರ್ 11ರ ದಾಳಿಯ ಬಳಿಕ, ಗೂಗಲ್‌ನಲ್ಲಿ ಅತಿ ವೇಗವಾಗಿ ಏರಿದ ಹೆಸರು ವಿಮಾನದ್ದೂ ಅಲ್ಲ, ಕಟ್ಟಡದ್ದೂ ಅಲ್ಲ. ಹದಿನಾರನೆಯ ಶತಮಾನದ ಭವಿಷ್ಯಗಾರ ನಾಸ್ಟ್ರಡಾಮಸ್‌ನದು. ಇಂಥ ಪಟ್ಟಿಯಿಂದ ನಾವು ಓದಿಕೊಳ್ಳಬಹುದಾದದ್ದು ಗಾಬರಿಯಾದಾಗ ಜನ ಯಾವ ದಿಕ್ಕಿಗೆ ತಿರುಗುತ್ತಾರೆ ಎಂಬುದನ್ನು.

ಏರಿಕೆಯನ್ನೇ ಜನಸಂಖ್ಯೆ ಎಂದು ಓದಿದ್ದರ ಪ್ರಸಿದ್ಧ ಉದಾಹರಣೆ 2016ರದು. ಜೂನ್ 23ರಂದು ಬ್ರಿಟನ್ನಿನ ಜನ ಐರೋಪ್ಯ ಒಕ್ಕೂಟದಿಂದ ಹೊರಬರಲು ಮತ ಹಾಕಿದರು. ಮರುದಿನ ‘ಐರೋಪ್ಯ ಒಕ್ಕೂಟ ಎಂದರೇನು’ ಎಂಬುದು ಆ ವಿಷಯದಲ್ಲಿ ಅಲ್ಲಿನವರು ಹೆಚ್ಚು ಕೇಳುತ್ತಿರುವ ಎರಡನೆಯ ಪ್ರಶ್ನೆ ಎಂದು ಗೂಗಲ್ ಟ್ರೆಂಡ್ಸ್ ತಿಳಿಸಿತು. ಮತ ಹಾಕಿದವರಿಗೆ ತಾವು ಹಾಕಿದ್ದು ಏನೆಂದೇ ಗೊತ್ತಿರಲಿಲ್ಲ ಎಂದು ಜಗತ್ತಿನ ಪತ್ರಿಕೆಗಳು ನಗಾಡಿದವು. ಕೇಳಿದವರು ಎಷ್ಟು ಮಂದಿ, ಅವರು ಮತ ಹಾಕಿದವರೇ, ಶಾಲೆಯ ಮಕ್ಕಳೇ, ಇದಾವುದೂ ಆ ಪಟ್ಟಿಯಲ್ಲಿರಲಿಲ್ಲ. ನಿನ್ನ ವಾಕ್ಯ ಆ ತಲೆಬರಹಗಳ ತಂಗಿಯಂತೆ ಕಂಡಿತು, ಬೇಸರಿಸಬೇಡ.

ಇನ್ನು ಎಲ್ಲ ಎಣಿಕೆಯ ಹಿಂದೆಯೂ ಮನುಷ್ಯರೇ ಇರುತ್ತಾರೆಂದೂ ನಂಬುವಂತಿಲ್ಲ. 2021ರ ಫೆಬ್ರವರಿಯಲ್ಲಿ, ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಸಂಸ್ಥೆಯ ತಂತ್ರಜ್ಞರು ತಮ್ಮ ಸಂಗ್ರಹದ ನೇರಳೆ ಹೂವೊಂದರ ಚಿತ್ರಕ್ಕೆ ದಿನಕ್ಕೆ ಸುಮಾರು 9 ಕೋಟಿ ಬೇಡಿಕೆ ಬರುತ್ತಿರುವುದನ್ನು ಕಂಡು ಕಾರಣ ಹುಡುಕಿದರು. ಬೇಡಿಕೆಗಳೆಲ್ಲ ಭಾರತದಿಂದ ಬರುತ್ತಿದ್ದವು. ಟಿಕ್‌ಟಾಕ್ ನಿಷೇಧವಾದ ಮೇಲೆ ಇಲ್ಲಿ ಜನಪ್ರಿಯವಾದ ಮೊಬೈಲ್ ಆ್ಯಪ್ ಒಂದು ತೆರೆದಾಗಲೆಲ್ಲ ಆ ಚಿತ್ರವನ್ನು ತರಿಸಿಕೊಳ್ಳುತ್ತಿತ್ತು, ಬಳಸುವವರ ಕಣ್ಣಿಗೆ ತೋರಿಸುತ್ತಲೂ ಇರಲಿಲ್ಲ. ಆ ಅಂಕಿಯನ್ನಷ್ಟೇ ಹಿಡಿದು ಅಂಕಣ ಬರೆದವರಿದ್ದರೆ ಭಾರತೀಯರಿಗೆ ದಿಢೀರನೆ ಹೂವಿನ ಹುಚ್ಚು ಹಿಡಿದಿದೆ ಎಂದು ಬರೆಯುತ್ತಿದ್ದರು. ಇದರ ತಿರುಗುಮುರುಗಾದದ್ದೂ ನಡೆದಿದೆ: ಮೈಕೆಲ್ ಜಾಕ್ಸನ್ 2009ರ ಜೂನ್ 25ರಂದು ತೀರಿಕೊಂಡಾಗ ಅವನ ಹೆಸರಿನ ಮೇಲೆ ಜನ ಮುಗಿಬಿದ್ದ ರಭಸವನ್ನು ಗೂಗಲ್‌ನ ಯಂತ್ರಗಳು ದಾಳಿಯೆಂದು ಭಾವಿಸಿ ಸುಮಾರು 25 ನಿಮಿಷ ಹಲವರನ್ನು ತಡೆದು ನಿಲ್ಲಿಸಿದ್ದವು. ವಿಕಿಪೀಡಿಯದ ಇಂಗ್ಲಿಷ್ ಆವೃತ್ತಿಯಲ್ಲಿ ವಾರದ 25 ಹೆಚ್ಚು ಓದಿದ ಪುಟಗಳ ವರದಿ ತಯಾರಿಸುವ ಸ್ವಯಂಸೇವಕರು ಈ ವಿಷಯದಲ್ಲಿ ಎಚ್ಚರದವರು. ಒಂದು ಪುಟದ ಓದಿನಲ್ಲಿ ಮೊಬೈಲಿನ ಪಾಲು ತೀರ ಕಡಿಮೆ ಅಥವಾ ಹೆಚ್ಚುಕಡಿಮೆ ಪೂರ್ತಿ ಇದ್ದರೆ ಅದು ಯಂತ್ರದ ಕೆಲಸವಿರಬೇಕೆಂದು ಸಂಶಯಿಸಿ ಪಕ್ಕಕ್ಕಿಡುತ್ತಾರೆ. ನಿಮ್ಮ ಕಚೇರಿಯಲ್ಲಿ ಅಂಥ ಪದ್ಧತಿ ಇದೆಯೇ ಎಂದು ವಿಚಾರಿಸು.

ಈಗ ನಮ್ಮ ಊರಿನ ಮಾತಿಗೆ ಬರುತ್ತೇನೆ. ಕೇಂದ್ರದಲ್ಲಿ ನಾನು ಬೆಳಗಿನಿಂದ ಸಂಜೆಯವರೆಗೆ ಬೇರೆಯವರ ಪರವಾಗಿಯೇ ಹುಡುಕುತ್ತಿರುತ್ತೇನೆ. ಪಿ.ಎಸ್.ಸಿ. ರ‍್ಯಾಂಕ್ ಪಟ್ಟಿ, ವಿದ್ಯಾರ್ಥಿವೇತನದ ಕೊನೆಯ ದಿನಾಂಕ, ಅಡಿಕೆಯ ಧಾರಣೆ, ಮಂಗಳೂರಿನ ಡಾಕ್ಟರು ಬರೆದುಕೊಟ್ಟ ಔಷಧಿ ಇಲ್ಲಿ ಸಿಗುವುದೇ ಎಂಬುದು. ಮೇ ತಿಂಗಳ ಕೊನೆಗೆ ಆಕಾಶ ಕಪ್ಪಾದೊಡನೆ ಕೃಷಿಕರು ಬಂದು ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣದ ಪ್ರಮಾಣವನ್ನು ಇನ್ನೊಮ್ಮೆ ನೋಡಿಕೊಡಿ ಎನ್ನುತ್ತಾರೆ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬುದು ಅವರಿಗೂ ಬಾಯಿಪಾಠ, ನನಗೂ ಬಾಯಿಪಾಠ. ಆದರೂ ಪರದೆಯ ಮೇಲೆ ನೋಡಿಯೇ ಹೋಗುತ್ತಾರೆ, ಏಕೆಂದರೆ ಹಿಂದಿನ ವರ್ಷ ಮಹಾಳಿ ಎಂಬ ಕೊಳೆರೋಗಕ್ಕೆ ಉದುರಿದ ಎಳೆ ಅಡಿಕೆ ಇನ್ನೂ ಕಣ್ಣಮುಂದೆ ಇರುತ್ತದೆ. ಒಬ್ಬರೇ ಅಲ್ಪ ಹೊತ್ತಿನಲ್ಲಿ ಅದನ್ನೇ ಮತ್ತೆ ಮತ್ತೆ ಹುಡುಕಿದರೆ ಆ ಪುನರಾವರ್ತನೆಯನ್ನು ಟ್ರೆಂಡ್ಸ್ ಲೆಕ್ಕದಿಂದ ಕೈಬಿಡುತ್ತದೆ. ನನ್ನ ಕಂಪ್ಯೂಟರಿನ ಮುಂದೆ ಸಾಲಾಗಿ ನಿಂತ ಇಷ್ಟು ಜನರ ಒಂದೇ ಪ್ರಶ್ನೆ ಅದರ ದೃಷ್ಟಿಯಲ್ಲಿ ಒಬ್ಬ ಮರೆವಿನ ಹೆಂಗಸಿನ ಪ್ರಶ್ನೆ. ತೀರ ಕಡಿಮೆ ಜನ ಹುಡುಕಿದ್ದನ್ನು ಅದು ಸೊನ್ನೆಯೆಂದೇ ತೋರಿಸುತ್ತದೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ಕೇಳಿದ್ದು, ನೆರೆಯವರನ್ನು ಕೇಳಿದ್ದು ಯಾವ ಲೆಕ್ಕಕ್ಕೂ ಸೇರುವುದಿಲ್ಲ.

ನಮ್ಮ ಜಿಲ್ಲೆಯದೇ ಆದ ಎಣ್ಮಕಜೆಯ ಕಡೆಯಿಂದ ಬರುವವರನ್ನು ನಿನಗೆ ನೆನಪಿಸಬೇಕಾಗಿಲ್ಲ. ಅಲ್ಲಿನ ಗೇರುತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಿದರು, 2000ದ ಹೊತ್ತಿಗೆ ಅದು ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನೇ ತಡೆಯಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಆದೇಶಿಸಿತು. ಆ ತೀರ್ಪುಗಳು ಬಂದ ದಿನಗಳಲ್ಲಿ ‘ಎಂಡೋಸಲ್ಫಾನ್’ ಎಂಬ ಪದ ಎಲ್ಲೆಡೆ ಓಡಾಡಿತು. ಆದರೆ ನಡೆಯಲಾಗದ ಮಗನಿರುವ ತಾಯಿಯೊಬ್ಬರು ಫಿಟ್ಸ್‌ನ ಮಾತ್ರೆಯ ಖಾಲಿ ಪಟ್ಟಿಯನ್ನು ಸೆರಗಿನ ಗಂಟಿನಿಂದ ಬಿಡಿಸಿ ನನ್ನ ಮೇಜಿನ ಮೇಲಿಟ್ಟು, ಇದೇ ಮದ್ದು ಬೇರೆ ಹೆಸರಿನಲ್ಲಿ ಕಡಿಮೆ ಬೆಲೆಗೆ ಇದೆಯೇ ನೋಡು ಎನ್ನುವುದು ಸುದ್ದಿ ಇದ್ದ ವಾರವೂ ಅದೇ, ಇಲ್ಲದ ವಾರವೂ ಅದೇ. ಆ ಪ್ರಶ್ನೆ ಎಂದೂ ಏರುವುದಿಲ್ಲವಾದ್ದರಿಂದ ನಿನ್ನ ಅಂಕಣಕ್ಕೆ ಎಂದೂ ಬರುವುದಿಲ್ಲ.

ಸುದ್ದಿಗೂ ನಿಜಸ್ಥಿತಿಗೂ ಇರುವ ಈ ಅಂತರವನ್ನು ಗೂಗಲ್ ತಾನೇ ಅನುಭವಿಸಿ ಅರಿತಿದೆ. ಜ್ವರದ ಹುಡುಕಾಟಗಳನ್ನು ನೋಡಿ ಫ್ಲೂ ಎಲ್ಲಿ ಹರಡುತ್ತಿದೆಯೆಂದು ಸರ್ಕಾರಕ್ಕಿಂತ ಮೊದಲೇ ಹೇಳುತ್ತೇವೆಂದು 2008ರಲ್ಲಿ ಆರಂಭಿಸಿದ ಅದರ ಫ್ಲೂ ಟ್ರೆಂಡ್ಸ್, 2012–13ರ ಚಳಿಗಾಲದಲ್ಲಿ ಅಮೆರಿಕದ ಕಾಯಿಲೆಯವರ ಪ್ರಮಾಣವನ್ನು ವಾಸ್ತವಕ್ಕಿಂತ ಸುಮಾರು ಇಮ್ಮಡಿಯಾಗಿ ಅಂದಾಜಿಸಿತು. 2015ರಲ್ಲಿ ಅದನ್ನು ನಿಲ್ಲಿಸಿದರು. ಟಿವಿಯಲ್ಲಿ ಜ್ವರದ ಸುದ್ದಿ ನೋಡಿ ಆರೋಗ್ಯವಂತರೂ ಹುಡುಕತೊಡಗಿದ್ದು ಅದಕ್ಕೊಂದು ಕಾರಣವೆಂದು ಹಲವರು ಹೇಳಿದರು. ನಮ್ಮಲ್ಲೂ ಹಾಗೆಯೇ ಆಯಿತು. 2018ರ ಮೇಯಲ್ಲಿ ಬಾವಲಿಗಳಿಂದ ಹರಡುವ ನಿಪಾ ಸೋಂಕು ಬಂದದ್ದು ಕೋಯಿಕ್ಕೋಡ್ ಮತ್ತು ಮಲಪ್ಪುರಂಗೆ. ಪೇರಳೆಯ ಮೇಲಿನ ಹಲ್ಲಿನ ಗುರುತು ಬಾವಲಿಯದೋ ಅಳಿಲಿನದೋ ಎಂದು ಫೋಟೋ ಹುಡುಕಿಸಲು ಬಂದದ್ದು ನಮ್ಮ ಬದಿಯಡ್ಕದವರು.

ನನ್ನ ದೊಡ್ಡ ತಕರಾರು ಅಂಕಣದ ಹೆಸರಿನ ಬಗ್ಗೆಯೇ ಇದೆ. ‘ಕನ್ನಡಿಗರು’ ಎಂದು ಹೆಸರಿಟ್ಟು ನೀನು ಆರಿಸಿಕೊಂಡಿರುವ ಪ್ರದೇಶ ಕರ್ನಾಟಕ. ಟ್ರೆಂಡ್ಸ್ ಭಾರತವನ್ನು ರಾಜ್ಯಗಳಾಗಿ ಒಡೆಯುತ್ತದೆ. 1956ರ ನವೆಂಬರ್ 1ರಿಂದ ಕೇರಳದ ಪಾಲಾದ ನಾವು ಕನ್ನಡದಲ್ಲೇ ಹುಡುಕಿದರೂ ಕೇರಳದ ಲೆಕ್ಕಕ್ಕೆ ಹೋಗುತ್ತೇವೆ, ಅಲ್ಲಿ ಮಲಯಾಳದ ಮಹಾಪೂರದಲ್ಲಿ ನಮ್ಮ ಪಾಲು ಕಾಣಿಸುವಷ್ಟಿರುವುದಿಲ್ಲ. ಮಹಾರಾಷ್ಟ್ರದ ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡಿಗರದೂ ತಮಿಳುನಾಡಿನ ತಾಳವಾಡಿಯವರದೂ ಇದೇ ಕತೆ. ಬೆಂಗಳೂರಿನಲ್ಲಿರುವ ಮಲಯಾಳಿಗಳು, ತಮಿಳರು, ಹಿಂದಿಯವರು ಮಾತ್ರ ನಿನ್ನ ‘ಕನ್ನಡಿಗರು’ ಪಟ್ಟಿಯಲ್ಲಿ ಭದ್ರವಾಗಿದ್ದಾರೆ. ಅಷ್ಟು ಸಾಲದೆಂಬಂತೆ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಾಗಿ ಟೈಪ್ ಮಾಡುತ್ತಾರೆ. ಪದವಾಗಿ ಹುಡುಕಿದರೆ ಪ್ರತಿಯೊಂದೂ ಬೇರೆ ಪದ. ‘ವಿಷಯ’ ಎಂಬ ಆಯ್ಕೆಯನ್ನು ಬಳಸಿದರೆ ಹಲವು ಭಾಷೆ, ಹಲವು ಬರಹಗಳು ಒಂದೆಡೆ ಸೇರುತ್ತವೆ. ಹೋಲಿಸುವಾಗ ಸಾಧ್ಯವಿದ್ದಲ್ಲೆಲ್ಲ ಅದನ್ನೇ ಬಳಸು.

ಮತ್ತೊಂದು ವಿಷಯ. ಓದುಗರಿಂದ ಅವರವರ ವಾರದ ತಮಾಷೆಯ ಹುಡುಕಾಟಗಳನ್ನು ತರಿಸಿ, ಹೆಸರಿಲ್ಲದೆ ಅಚ್ಚು ಮಾಡುವ ಯೋಚನೆ ನಿಮ್ಮ ಸಂಪಾದಕರದೆಂದು ಬರೆದಿದ್ದೀಯ. ಅದು ಬೇಡವೆಂದು ಹೇಳು. 2006ರ ಆಗಸ್ಟಿನಲ್ಲಿ ಎಒಎಲ್ ಎಂಬ ಅಮೆರಿಕದ ಇಂಟರ್ನೆಟ್ ಸಂಸ್ಥೆ ಸುಮಾರು 6.5 ಲಕ್ಷ ಬಳಕೆದಾರರ ಮೂರು ತಿಂಗಳ ಹುಡುಕಾಟಗಳನ್ನು ಹೆಸರು ತೆಗೆದು ಬರೀ ಸಂಖ್ಯೆ ಕೊಟ್ಟು ಸಂಶೋಧಕರಿಗೆಂದು ಪ್ರಕಟಿಸಿತು. ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿಗಾರರು 4417749 ಎಂಬ ಸಂಖ್ಯೆಯ ಹಿಂದಿದ್ದ ವೃದ್ಧೆಯ ಮನೆಬಾಗಿಲಿಗೆ ಹೋಗಿ ನಿಂತರು. ಅವರು ಹುಡುಕಿದ್ದ ಊರು, ಕುಲನಾಮ, ಕಾಯಿಲೆಗಳಷ್ಟೇ ಗುರುತಿಗೆ ಸಾಕಾಗಿದ್ದವು. ನಮ್ಮಂಥ ಸಣ್ಣ ಊರಿನಲ್ಲಿ ಇನ್ನೂ ಕಡಿಮೆ ಸಾಕು. ಬಾಗಿಲು ಅರ್ಧ ಮುಚ್ಚಿ ಕೇಳಿದ ಪ್ರಶ್ನೆಗಳು ನನ್ನಲ್ಲಿ ಎಷ್ಟಿವೆಯೆಂದರೆ ಸಂಜೆ ಹೊರಡುವ ಮೊದಲು ಕಂಪ್ಯೂಟರಿನ ಹಿಸ್ಟರಿಯನ್ನು ಅಳಿಸದೆ ನಾನು ಬೀಗ ಹಾಕುವುದಿಲ್ಲ.

ಅಂಕಣದ ಹೆಸರನ್ನು ‘ಈ ವಾರ ಕರ್ನಾಟಕದಲ್ಲಿ ಏರಿದ ಹುಡುಕಾಟಗಳು’ ಎಂದು ಬದಲಿಸಲು ಕೇಳಿ ನೋಡು. ಅಷ್ಟು ಆಕರ್ಷಕವಲ್ಲದಿದ್ದರೂ ಸುಳ್ಳಾಗುವುದಿಲ್ಲ. ಅಂಕಿ ಯಾವ ದಿನದಿಂದ ಯಾವ ದಿನದವರೆಗಿನದು, ಯಾವುದಕ್ಕೆ ಹೋಲಿಸಿದ್ದು ಎಂಬ ಒಂದು ಸಾಲನ್ನು ಕೆಳಗೆ ಹಾಕು. ಸಿನಿಮಾ, ಕ್ರಿಕೆಟ್ ಇರಲಿ, ಅವುಗಳ ಬಗ್ಗೆ ನೀನು ಬರೆದ ಭಾಗವೇ ಅಂಕಣದಲ್ಲಿ ಚೆನ್ನಾಗಿರುವುದು. ‘ಮಾತ್ರ’ ಎಂಬುದನ್ನು ಹೊಡೆದುಹಾಕಿದರೆ ಸಾಕು. ಮುಂದಿನ ಕಂತಿನ ಕರಡನ್ನು ಬುಧವಾರದೊಳಗೆ ಕಳಿಸು. ಗುರುವಾರದಿಂದ ಪಿಂಚಣಿಯವರು ಬಂದು ತಾವು ಬದುಕಿದ್ದೇವೆಂದು ದಾಖಲಿಸುವ ಮಸ್ಟರಿಂಗ್ ಶುರುವಾಗುತ್ತದೆ, ಆಮೇಲೆ ನನಗೆ ಓದಲು ಪುರುಸೊತ್ತಿರುವುದಿಲ್ಲ.

ಇತಿ,
ನಿನ್ನ ಅಮ್ಮ